ಸ್ಪ್ಯಾನಿಷ್ ಕಲಿಯಲು ಸಲಮಾಂಕಾಕ್ಕೆ ಹೊರಟಿದ್ದೀರಾ? ಹೋಸ್ಟ್ ಫ್ಯಾಮಿಲಿ ಮನೆ ಸೇರುವ ಮೊದಲು ತಿಳಿದಿರಬೇಕಾದದ್ದು

ಸ್ಪೇನ್‌ಗೆ ಹೋಗಿ ಸ್ಪ್ಯಾನಿಷ್ ಕಲಿಯಬೇಕು ಎಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಗುರುತು ಪರಿಚಯ ಇಲ್ಲದವರ ಮನೆಯಲ್ಲಿ ವಾರಗಟ್ಟಲೆ ಇರುವುದು ಹೇಗೆ? ಮಾಂಸ ಮುಟ್ಟದವರು ಊಟಕ್ಕೆ ಏನು ಮಾಡಬೇಕು? ದುಡ್ಡು ಕಟ್ಟುವ ಮೊದಲು ಏನೇನು ವಿಚಾರಿಸಬೇಕು? ಮನೆ ಹಿಡಿಸದಿದ್ದರೆ ಬದಲಾಯಿಸಬಹುದಾ? ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಸಲಮಾಂಕಾ ಊರನ್ನು ತೆಗೆದುಕೊಂಡಿದ್ದೇನೆ. ಮ್ಯಾಡ್ರಿಡ್‌ನಿಂದ ಪಶ್ಚಿಮಕ್ಕೆ ಸುಮಾರು 210 ಕಿ.ಮೀ. ದೂರ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರುವ ಊರು. ಊರು ಚಿಕ್ಕದು, ಹೆಚ್ಚಿನ ಕಡೆಗೆ ನಡೆದೇ ಹೋಗಬಹುದು. ಭಾಷಾ ಶಾಲೆಗಳು ಬಹಳ ಇವೆ, ವಿದೇಶಿ ವಿದ್ಯಾರ್ಥಿಗಳನ್ನು ಇರಿಸಿಕೊಂಡು ರೂಢಿ ಇರುವ ಮನೆಗಳೂ ಬಹಳ. ಬಾರ್ಸಿಲೋನಾದಲ್ಲಿ ಬೀದಿಯಲ್ಲೂ ಮನೆಯಲ್ಲೂ ಸ್ಪ್ಯಾನಿಷ್ ಜತೆಗೆ ಕತಲಾನ್ ಭಾಷೆಯೂ ಕಿವಿಗೆ ಬೀಳುತ್ತದೆ. ಇಲ್ಲಿ ಆ ಗೊಂದಲ ಇಲ್ಲ. ಸ್ಪೇನ್‌ನ ಬೇರೆ ಊರಿಗೆ ಹೋಗುವವರಿಗೂ ಇಲ್ಲಿನ ಮಾತು ಬಹುಪಾಲು ಹೊಂದುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೋಸ್ಟ್ ಫ್ಯಾಮಿಲಿಗೆ, ಅಂದರೆ ದುಡ್ಡು ಪಡೆದು ವಿದ್ಯಾರ್ಥಿಗಳನ್ನು ಮನೆಯಲ್ಲಿ ಇರಿಸಿಕೊಳ್ಳುವ ಕುಟುಂಬಕ್ಕೆ, ನೀವು ಕೊಡುವ ದುಡ್ಡು ದಕ್ಕುವುದು ಊಟದ ಮೇಜಿನಲ್ಲಿ. ಮನೆಯವರ ಜತೆ ದಿನವೂ ಕೂತು ಉಂಡು ಮಾತಾಡಿದರೆ ತರಗತಿಯಲ್ಲಿ ಕಲಿತದ್ದು ಬಾಯಿಗೆ ಬರುತ್ತದೆ. ಊಟ ಮುಗಿಸಿ ರೂಮಿನ ಬಾಗಿಲು ಹಾಕಿಕೊಳ್ಳುವುದಾದರೆ ಹಾಸ್ಟೆಲ್ಲೇ ಸಾಕಿತ್ತು. ಕೆಳಗೆ ಹೇಳುವ ಅರ್ಧಕ್ಕರ್ಧ ಎಚ್ಚರಿಕೆ ಆ ಮೇಜಿನ ಮುಂದೆ ನೀವು ನೆಮ್ಮದಿಯಾಗಿ ಕೂರುವುದಕ್ಕಾಗಿಯೇ.

1. ಹೊರಡುವ ಮೊದಲು ಎ1 ಮುಗಿಸಿ

ಯುರೋಪಿನಲ್ಲಿ ಭಾಷೆಯ ಮಟ್ಟವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಎ1 ಅಂದರೆ ಹೆಸರು, ಊರು, ಊಟ, ಹೊತ್ತು, ಬೇಕು-ಬೇಡ ಇಷ್ಟನ್ನು ಹೇಳಲು ಬರುವುದು. ಅಷ್ಟಾದರೂ ಊರಲ್ಲೇ ಕಲಿತು ಹೋಗಿ. ಮನೆಯಲ್ಲಿ ಇಂಗ್ಲಿಷ್ ಬರುವವರು ಇಲ್ಲದಿರುವುದೇ ಹೆಚ್ಚು. ಬರಬಾರದು ಕೂಡ, ಅದಕ್ಕೇ ತಾನೆ ಹೋಗುವುದು? ಆದರೆ ಸೊನ್ನೆಯಿಂದ ಹೋದವರಿಗೆ ಮೊದಲ ಎರಡು ವಾರ ಕೈಸನ್ನೆಯಲ್ಲೇ ಕಳೆದುಹೋಗುತ್ತದೆ. ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್‌ಸ್ತಿತೂತೋ ಥೆರ್ವಾಂತೆಸ್‌ಗೆ ದೆಹಲಿಯಲ್ಲಿ ಕೇಂದ್ರ ಇದೆ. ಆನ್‌ಲೈನ್ ತರಗತಿಗಳೂ ಸಿಗುತ್ತವೆ. ಬೆಂಗಳೂರಿನಲ್ಲಿ ಖಾಸಗಿಯಾಗಿ ಹೇಳಿಕೊಡುವವರೂ ಇದ್ದಾರೆ.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳ ಹಾಗೇ, ಟ ಮತ್ತು ಡ ಇಲ್ಲ. ಆದ್ದರಿಂದ ಹೊಸ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೂ ಬರೆದುಕೊಳ್ಳಿ. ಬರೀ ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಗೊತ್ತಿಲ್ಲದೆಯೇ ಟ, ಡ ನುಸುಳುತ್ತದೆ. ಸಲಮಾಂಕಾ ಕಡೆ ಕೆಲವು ಪದಗಳಲ್ಲಿ ‘ಸ’ ಬದಲು ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ಹೇಳುವ ‘ಥ’ ಕೇಳುತ್ತದೆ. ಧನ್ಯವಾದಕ್ಕೆ ಅಲ್ಲಿ ‘ಗ್ರಾಥಿಯಾಸ್’ ಅನ್ನುತ್ತಾರೆ.

2. ಮನೆಯನ್ನು ಶಾಲೆಯ ಮೂಲಕವೇ ಹಿಡಿಯಿರಿ

ಅಂತರ್ಜಾಲದಲ್ಲಿ ಸಿಕ್ಕ ‘ಕುಟುಂಬ’ಕ್ಕೆ ನೇರವಾಗಿ ದುಡ್ಡು ಕಳಿಸಬೇಡಿ. ಶಾಲೆಯ ಮೂಲಕ ಹೋದರೆ ಮನೆಯನ್ನು ಯಾರೋ ನೋಡಿರುತ್ತಾರೆ, ತೊಂದರೆಯಾದರೆ ಕೇಳಲು ಒಬ್ಬರು ಇರುತ್ತಾರೆ, ವೀಸಾಗೆ ಬೇಕಾದ ವಸತಿ ಪತ್ರವೂ ಸುಲಭವಾಗಿ ಸಿಗುತ್ತದೆ. ವಸತಿ ನೋಡಿಕೊಳ್ಳುವವರು ಅಂತ ಪ್ರತಿ ಶಾಲೆಯಲ್ಲೂ ಒಬ್ಬರು ಇರುತ್ತಾರೆ. ಅವರ ಹೆಸರು, ಇಮೇಲ್, ಫೋನ್ ನಂಬರ್ ಮೊದಲೇ ತೆಗೆದುಕೊಳ್ಳಿ.

ಶಾಲೆ ಆರಿಸುವಾಗ ಇನ್‌ಸ್ತಿತೂತೋ ಥೆರ್ವಾಂತೆಸ್ ಮಾನ್ಯತೆ ಇದೆಯಾ ನೋಡಿ. ಆಮೇಲೆ ‘ವಾರಕ್ಕೆ 20 ಪಾಠ’ ಅಂತ ಇದ್ದರೆ ಒಂದು ಪಾಠ ಎಷ್ಟು ನಿಮಿಷ ಅಂತ ಕೇಳಿ. ಕೆಲವು ಕಡೆ 45, ಕೆಲವು ಕಡೆ 50 ಅಥವಾ 55 ನಿಮಿಷ. ಬೆಲೆ ಹೋಲಿಸುವಾಗ ಇದನ್ನು ಲೆಕ್ಕಕ್ಕೆ ಹಿಡಿಯದೆ ಸುಮ್ನೆ ಕಡಿಮೆ ಬೆಲೆಯದನ್ನು ಹಿಡಿದವರು ಬಹಳ.

ಇನ್ನೊಂದು ಗೊಂದಲ. ‘ಓ ಪೇರ್’ ಅಂತ ಒಂದು ವ್ಯವಸ್ಥೆ ಇದೆ, ಮಕ್ಕಳನ್ನು ನೋಡಿಕೊಂಡು ಅದರ ಬದಲಿಗೆ ಊಟ-ವಸತಿ ಪಡೆಯುವುದು. ಅದು ಬೇರೆ, ಇದು ಬೇರೆ. ನೀವು ದುಡ್ಡು ಕೊಟ್ಟು ಇರುವವರು. ತಟ್ಟೆ ಎತ್ತಿಡುವುದು, ಮೇಜು ಒರೆಸುವುದು ಸರಿ. ದಿನವೂ ಮಗುವನ್ನು ನೋಡಿಕೊಳ್ಳಿ ಎಂದರೆ ಶಾಲೆಗೆ ತಿಳಿಸಿ.

3. ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು

ಫಾರಂನಲ್ಲಿ ಕೆಲವು ಪದ ಬರುತ್ತವೆ. ‘ಮೇದಿಯಾ ಪೆನ್ಸಿಯೋನ್’ ಅಂದರೆ ಬೆಳಗಿನ ತಿಂಡಿ ಮತ್ತು ಒಂದು ಊಟ. ‘ಪೆನ್ಸಿಯೋನ್ ಕೊಂಪ್ಲೇತಾ’ ಅಂದರೆ ತಿಂಡಿ ಮತ್ತು ಎರಡೂ ಊಟ. ‘ದೆರೇಚೋ ಆ ಕೊಥೀನಾ’ ಅಂದರೆ ಅಡುಗೆಮನೆ ಬಳಸುವ ಹಕ್ಕು. ‘ಫಿಯಾಂಥಾ’ ಅಂದರೆ ಮುಂಗಡ ಠೇವಣಿ, ಹೊರಡುವಾಗ ವಾಪಸ್ ಬರಬೇಕಾದ್ದು.

ನನ್ನ ಸಲಹೆ ಪೆನ್ಸಿಯೋನ್ ಕೊಂಪ್ಲೇತಾ, ಅದರಲ್ಲೂ ಕಡಿಮೆ ವಾರಗಳಿಗೆ ಹೋಗುವವರಿಗೆ. ಸ್ಪೇನ್‌ನಲ್ಲಿ ದೊಡ್ಡ ಊಟ ಮಧ್ಯಾಹ್ನದ್ದು. ಊಟದ ನಂತರ ಎದ್ದುಹೋಗದೆ ಅಲ್ಲೇ ಕೂತು ಹರಟುವ ರೂಢಿಗೆ ‘ಸೊಬ್ರೆಮೇಸಾ’ ಎನ್ನುತ್ತಾರೆ. ಸ್ವಲ್ಪ ದುಡ್ಡು ಉಳಿಸಲು ಮಧ್ಯಾಹ್ನದ ಊಟ ಬಿಟ್ಟರೆ ದಿನದ ಅತಿ ಒಳ್ಳೆಯ ಮಾತಿನ ಹೊತ್ತನ್ನೇ ಬಿಟ್ಟ ಹಾಗೆ.

ಆ ಮನೆಯಲ್ಲಿ ಬೇರೆ ವಿದ್ಯಾರ್ಥಿಗಳು ಎಷ್ಟು ಜನ, ಯಾವ ದೇಶದವರು ಅಂತ ಕೇಳಿ. ‘ಕುಟುಂಬ’ ಅಂದ ತಕ್ಷಣ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅಂತ ಕಲ್ಪಿಸಿಕೊಳ್ಳಬೇಡಿ. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ ಖಾಲಿ ರೂಮುಗಳನ್ನು ಕೊಡುವ, ಒಬ್ಬರೇ ಇರುವ ಹಿರಿಯ ಹೆಂಗಸರು ಬಹಳ. ಅದೇನೂ ಕೆಟ್ಟದ್ದಲ್ಲ. ಮಾತಿಗೆ ಬಿಡುವು ಇರುವವರು ಅವರೇ. ಆದರೆ ಅದೇ ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮೂರು ಜನ ವಿದ್ಯಾರ್ಥಿಗಳಿದ್ದರೆ ಮೇಜಿನ ಭಾಷೆ ಇಂಗ್ಲಿಷ್ ಆಗಿಬಿಡುತ್ತದೆ. ‘ಇಂಗ್ಲಿಷ್ ಅಥವಾ ಹಿಂದಿ ಮಾತಾಡುವ ಬೇರೆ ವಿದ್ಯಾರ್ಥಿ ಇಲ್ಲದ ಮನೆ ಕೊಡಿ’ ಎಂದು ಬರೆದೇ ಕೇಳಿ.

ಇವುಗಳ ಜತೆಗೆ: ಶಾಲೆಗೆ ನಡೆದು ಹೋಗಲು ಎಷ್ಟು ಹೊತ್ತು, ಬಾತ್‌ರೂಮ್ ಎಷ್ಟು ಜನರಿಗೆ, ಬಟ್ಟೆ ಒಗೆಯುವುದು ವಾರಕ್ಕೆ ಎಷ್ಟು ಸಲ, ಚಳಿಗಾಲದಲ್ಲಿ ಹೀಟಿಂಗ್ ಯಾವಾಗ ಇರುತ್ತದೆ, ನಾಯಿ-ಬೆಕ್ಕು ಇವೆಯಾ, ಸಿಗರೇಟು ಸೇದುತ್ತಾರಾ. ಮನೆಯ ಬುಕಿಂಗ್ ಸಾಮಾನ್ಯವಾಗಿ ಭಾನುವಾರದಿಂದ ಶನಿವಾರಕ್ಕೆ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಶುಕ್ರವಾರ ಇಳಿದರೆ ಎರಡು ರಾತ್ರಿಗೆ ಬೇರೆ ದುಡ್ಡು. ಎಲ್ಲಕ್ಕೂ ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ. ಫೋನಿನಲ್ಲಿ ಹೇಳಿದ ಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

4. ಊಟದ ವಿಷಯ ಬಿಡಿಸಿ ಹೇಳಿ

ನಮ್ಮವರು ಹೆಚ್ಚು ಕಷ್ಟಪಡುವುದು ಇಲ್ಲೇ. ಸಲಮಾಂಕಾ ಪ್ರಾಂತ್ಯದ ಗೀಹುವೇಲೋ ಊರು ‘ಹಾಮೋನ್’ಗೆ, ಅಂದರೆ ಉಪ್ಪು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಹಂದಿ ತೊಡೆಗೆ, ಹೆಸರುವಾಸಿ. ಅದು ಆ ಕಡೆಯವರ ಹೆಮ್ಮೆ. ಅಲ್ಲಿ ‘ಕಾರ್ನೆ’ (ಮಾಂಸ) ಬೇಡ ಎಂದರೆ ಕೆಲವರಿಗೆ ಮಾಂಸದ ತುಂಡು ಬೇಡ ಅಂತ ಮಾತ್ರ ಅರ್ಥವಾಗುತ್ತದೆ. ತರಕಾರಿಯ ಮೇಲೆ ಉದುರಿಸಿದ ಹಾಮೋನ್ ಚೂರು ಅವರ ಲೆಕ್ಕದಲ್ಲಿ ಬರೀ ರುಚಿಗೆ. ಮೋಸ ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ.

ಅದಕ್ಕೇ ‘ಸೋಯ್ ಬೆಹೆತಾರಿಯಾನೋ’ (ಹೆಂಗಸರಾದರೆ ‘ಬೆಹೆತಾರಿಯಾನಾ’) ಎಂದರೆ ಸಾಲದು. ಒಂದೊಂದಾಗಿ ಹೇಳಿ:

‘ನೋ ಕೋಮೋ ಕಾರ್ನೆ, ನಿ ಪೋಯೋ, ನಿ ಪೆಸ್ಕಾದೋ, ನಿ ಹಾಮೋನ್, ನಿ ಕಾಲ್ದೋ ದೆ ಕಾರ್ನೆ.’

ಮಾಂಸ, ಕೋಳಿ, ಮೀನು, ಹಾಮೋನ್, ಮಾಂಸ ಬೇಯಿಸಿದ ನೀರು ಯಾವುದನ್ನೂ ತಿನ್ನುವುದಿಲ್ಲ ಅಂತ. ಮೊಟ್ಟೆ ತಿನ್ನದವರು ‘ನಿ ವೇಬೋಸ್’ ಸೇರಿಸಿ. ಮಾಂಸ ತಿನ್ನುತ್ತೀರಿ, ದನದ್ದು-ಹಂದಿಯದ್ದು ಬೇಡ ಎಂದರೆ ‘ನಿ ತೆರ್ನೇರಾ, ನಿ ಥೇರ್ದೋ’ ಅನ್ನಿ. ಇದನ್ನು ಫಾರಂನಲ್ಲಿ ಬರೆಯಿರಿ, ಮನೆ ಗೊತ್ತಾದ ಮೇಲೆ ಮನೆಯವರಿಗೂ ವಾಟ್ಸಾಪ್ ಮಾಡಿ, ಹೋದ ದಿನ ಬಾಯಲ್ಲೂ ಹೇಳಿ. ವಿಶೇಷ ಆಹಾರಕ್ಕೆ ಕೆಲವು ಶಾಲೆಗಳು ವಾರಕ್ಕಿಷ್ಟು ಅಂತ ಹೆಚ್ಚು ಹಣ ಕೇಳುತ್ತವೆ. ಕೊಡುವುದೇ ವಾಸಿ, ಆಗ ಅದು ಮನೆಯವರ ಜವಾಬ್ದಾರಿಯಾಗುತ್ತದೆ.

ಹೆಸರು ನೋಡಿ ಮೋಸಹೋಗುವ ತಿನಿಸುಗಳು ಬಹಳ. ‘ಎನ್ಸಲಾದಾ ಮಿಕ್ಸ್ತಾ’ ಎಂಬ ಸಲಾಡ್‌ನಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನು ಇರುತ್ತದೆ. ‘ಬೆಹೆತಾಲ್’ ಎನ್ನುವ ಸ್ಯಾಂಡ್‌ವಿಚ್‌ನಲ್ಲೂ ಎಷ್ಟೋ ಸಲ ಟ್ಯೂನಾ, ಮೊಟ್ಟೆ ಇರುತ್ತವೆ. ಕರಿದ ‘ಕ್ರೊಕೇತಾಸ್’ ಒಳಗೆ ಬಹಳ ಸಲ ಹಾಮೋನ್ ಚೂರು. ಸಲಮಾಂಕಾದ ‘ಪತಾತಾಸ್ ಮೆನೆಯಾಸ್’ ನೋಡಲು ನಮ್ಮ ಆಲೂಗಡ್ಡೆ ಪಲ್ಯದ ಹಾಗೇ ಇರುತ್ತದೆ, ಕೆಂಪು ಪುಡಿ ಹಾಕಿ ಹಿಸುಕಿದ್ದು. ಮೇಲೆ ಹಂದಿ ಕೊಬ್ಬಿನ ಗರಿಗರಿ ತುಂಡು. ‘ಚನ್‌ಫಾಯ್ನಾ’ ಅನ್ನದ ಅಡುಗೆ ಅಂತ ಖುಷಿಪಡಬೇಡಿ, ಅದರಲ್ಲಿ ಕುರಿಯ ಒಳಭಾಗಗಳು. ‘ಮಂತೇಕಾ’ ಅಂದರೆ ಹಂದಿ ಕೊಬ್ಬು. ಕ್ರಿಸ್‌ಮಸ್ ಹೊತ್ತಿನ ‘ಪೊಲ್ವೊರೋನ್’, ‘ಮಂತೆಕಾದೋ’ ಬಿಸ್ಕತ್ತುಗಳಿಗೆ ಅದನ್ನೇ ಹಾಕುವುದು.

ಹಾಗಂತ ಉಪವಾಸ ಇರಬೇಕಾಗಿಲ್ಲ. ಬೇಳೆಕಾಳು ಅವರ ಮನೆಗಳಲ್ಲಿ ದಿನಬಳಕೆಯದ್ದೇ. ‘ಲೆಂತೇಹಾಸ್ ಬಿಯೂದಾಸ್’ ಎಂದರೆ ಮಾಂಸ ಹಾಕದ ಮಸೂರದ ಅಡುಗೆ. ಹೀಗೆಂದು ಹೆಸರಿಟ್ಟು ಕೇಳಿದರೆ ಯಾವ ಹಿರಿಯ ಹೆಂಗಸಿಗೂ ತಟ್ಟನೆ ಅರ್ಥವಾಗುತ್ತದೆ. ಕಡಲೆಕಾಳಿನ ಜತೆ ಪಾಲಕ್, ಟೊಮೆಟೊ-ಬದನೆ-ಕ್ಯಾಪ್ಸಿಕಂ ಬೇಯಿಸಿದ ‘ಪಿಸ್ತೋ’, ತಣ್ಣನೆಯ ಟೊಮೆಟೊ ಸೂಪ್ ‘ಗಥ್‌ಪಾಚೋ’, ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ‘ತೊರ್ತೀಯಾ’. ಇಷ್ಟು ಹೆಸರು ನಿಮ್ಮ ಕೈಯಲ್ಲಿದ್ದರೆ ‘ಏನು ಮಾಡಲಿ ನಿನಗೆ?’ ಅಂತ ಅವರು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ಬರೀ ‘ಇದು ಬೇಡ, ಅದು ಬೇಡ’ ಎಂದರೆ ಮೂರನೇ ದಿನಕ್ಕೆ ನಿಮ್ಮ ಮುಂದೆ ಎಲೆಕೋಸು ಸಲಾಡ್ ಮತ್ತು ಬ್ರೆಡ್ ಅಷ್ಟೇ ಬಂದು ಕೂರುತ್ತದೆ.

ಹೊತ್ತಿಗೂ ಒಗ್ಗಿಕೊಳ್ಳಬೇಕು. ಮಧ್ಯಾಹ್ನದ ಊಟ 2ರಿಂದ 3 ಗಂಟೆಗೆ, ರಾತ್ರಿಯದ್ದು 9ರಿಂದ 10ಕ್ಕೆ. ಬೆಳಗಿನ ತಿಂಡಿ ಕಾಫಿ, ಬ್ರೆಡ್, ಬಿಸ್ಕತ್ತು ಅಷ್ಟೇ. ಇಡ್ಲಿ-ಉಪ್ಪಿಟ್ಟು ತಿಂದು ಅಭ್ಯಾಸ ಇರುವವರಿಗೆ 11 ಗಂಟೆಗೇ ಹೊಟ್ಟೆ ಚುರುಗುಟ್ಟುತ್ತದೆ. ಚೀಲದಲ್ಲಿ ಒಂದು ಹಣ್ಣೋ ಒಂದಿಷ್ಟು ಬಾದಾಮಿಯೋ ಇರಲಿ.

5. ವೀಸಾ

ಕೋರ್ಸ್ 90 ದಿನದೊಳಗೆ ಮುಗಿದರೆ ಷೆಂಗೆನ್ ವೀಸಾ ಸಾಕು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ. ಯಾವುದೇ 180 ದಿನಗಳ ಅವಧಿಯಲ್ಲಿ ಅಲ್ಲಿ ಒಟ್ಟು 90 ದಿನ ಇರಬಹುದು. ಕೋರ್ಸ್‌ಗಿಂತ ಮೊದಲು ಪ್ಯಾರಿಸ್ ಸುತ್ತಿದ ದಿನಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. 90 ದಿನಕ್ಕಿಂತ ಜಾಸ್ತಿ ಓದುವವರಿಗೆ ವಿದ್ಯಾರ್ಥಿ ವೀಸಾ ಬೇಕು. ಆರು ತಿಂಗಳಿಗಿಂತ ಹೆಚ್ಚು ಇರುವವರು ಸ್ಪೇನ್ ತಲುಪಿದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡ್‌ಗೆ ಅರ್ಜಿ ಹಾಕಬೇಕು.

ಅರ್ಜಿಯನ್ನು ಬಿಎಲ್‌ಎಸ್ (ಸ್ಪೇನ್ ಪರವಾಗಿ ವೀಸಾ ಅರ್ಜಿ ತೆಗೆದುಕೊಳ್ಳುವ ಖಾಸಗಿ ಸಂಸ್ಥೆ) ಕೇಂದ್ರದ ಮೂಲಕ ಕೊಡುತ್ತೀರಿ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು, ಕೊನೆಯ ಗಡುವು 15 ದಿನ ಮೊದಲು. ಗಡುವಿನವರೆಗೆ ಕಾಯಬೇಡಿ. ಬೇಸಿಗೆಗೆ ಹೋಗುವವರಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ದೊಡ್ಡವರಿಗೆ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಅರ್ಜಿ ಎಡವುವುದು ತಾರೀಖುಗಳಲ್ಲಿ. ಕೋರ್ಸ್ ಪತ್ರ, ವಸತಿ ಪತ್ರ, ವಿಮೆ, ಟಿಕೆಟ್ ನಾಲ್ಕೂ ಒಂದಕ್ಕೊಂದು ತಾಳೆಯಾಗಬೇಕು. ವಸತಿ ಪತ್ರ ಭಾನುವಾರ ಶುರುವಾಗಿ ನಿಮ್ಮ ವಿಮಾನ ಶನಿವಾರ ಇಳಿದರೆ ಆ ಒಂದು ರಾತ್ರಿಗೂ ಹೋಟೆಲ್ ಬುಕಿಂಗ್ ತೋರಿಸಿ. ಶಾಲೆಯ ಹಂಗಿಲ್ಲದೆ ಪರಿಚಯದವರ ಮನೆಯಲ್ಲಿ ಇರುವುದಾದರೆ ಆ ಮನೆಯವರು ಅಲ್ಲಿನ ಪೊಲೀಸ್ ಕಚೇರಿಯಿಂದ ‘ಕಾರ್ತಾ ದೆ ಇನ್‌ಬಿತಾಥಿಯೋನ್’ ಎಂಬ ಆಹ್ವಾನ ಪತ್ರ ಮಾಡಿಸಬೇಕಾಗುತ್ತದೆ. ಅವರೇ ಕೈಯಲ್ಲಿ ಬರೆದುಕೊಟ್ಟ ಚೀಟಿ ನಡೆಯುವುದಿಲ್ಲ.

2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು ಮತ್ತು ಫೋಟೊ ತೆಗೆದುಕೊಂಡು ಬಂದು-ಹೋದ ದಿನ ಕಂಪ್ಯೂಟರ್‌ಗೆ ಹಾಕುವ ವ್ಯವಸ್ಥೆ ಶುರುವಾಗಿದೆ. ಒಂದು ದಿನ ಹೆಚ್ಚಾದರೂ ಗೊತ್ತಾಗುತ್ತದೆ. ಕೋರ್ಸ್ ಮತ್ತು ವಸತಿ ಪತ್ರಗಳ ಪ್ರಿಂಟ್ ಕೈಚೀಲದಲ್ಲೇ ಇರಲಿ. ಇಮಿಗ್ರೇಶನ್ ಅಧಿಕಾರಿ ಕೇಳಿದಾಗ ಫೋನ್ ಚಾರ್ಜ್ ಹುಡುಕುತ್ತಾ ನಿಲ್ಲಬೇಡಿ.

6. ಪೆಟ್ಟಿಗೆ ತುಂಬುವಾಗ

ತುಪ್ಪ, ಪೇಡ, ಹಾಲಿನ ಸಿಹಿತಿಂಡಿ ಒಯ್ಯಬೇಡಿ. ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲು ಮತ್ತು ಮಾಂಸದ ಪದಾರ್ಥ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ಎತ್ತಿಡುತ್ತಾರೆ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ, ಅವಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಒಣ ಅವಲಕ್ಕಿ, ಸಾರಿನ ಪುಡಿ ತೆಗೆದುಕೊಂಡು ಹೋಗಬಹುದು.

ಮನೆಯವರಿಗೆ ಸಣ್ಣ ಉಡುಗೊರೆ ಚೆಂದ. ಚನ್ನಪಟ್ಟಣದ ಮರದ ಗೊಂಬೆ, ಗಂಧದ ಸೋಪು, ಇಲ್ಲವೇ ಚಿಕ್ಕಮಗಳೂರು-ಕೊಡಗಿನ ಕಾಫಿ ಪುಡಿ. ಕಾಫಿ ಒಯ್ಯುವುದಾದರೆ ಚಿಕೋರಿ ಬೆರೆಸದ್ದನ್ನೇ ಒಯ್ಯಿರಿ. 1939ರಲ್ಲಿ ಸ್ಪೇನ್‌ನ ಅಂತರ್ಯುದ್ಧ ಮುಗಿದ ಮೇಲಿನ ಬಡತನದ ವರ್ಷಗಳಲ್ಲಿ ಕಾಫಿ ಸಿಗದೆ ಚಿಕೋರಿ ಕುಡಿದ ತಲೆಮಾರು ಅಲ್ಲಿ ಇದೆ. ನಮಗೆ ರುಚಿ, ಅವರಿಗೆ ಆ ಕಷ್ಟದ ನೆನಪು. ಪುಡಿ ಕೊಂಚ ತರಿಯಾಗಿರಲಿ. ಒಲೆಯ ಮೇಲೆ ಇಡುವ ಲೋಹದ ಕಾಫಿ ಪಾತ್ರೆ ಅಲ್ಲಿನ ಮನೆಗಳಲ್ಲಿ ಸಾಮಾನ್ಯ, ಅದಕ್ಕೆ ತೀರ ನುಣ್ಣನೆಯ ಪುಡಿ ಹೊಂದುವುದಿಲ್ಲ.

ಕರೆಂಟು ನಮ್ಮ ಹಾಗೇ 230 ವೋಲ್ಟ್, ಆದರೆ ಪ್ಲಗ್ ಬೇರೆ. ಎರಡು ದುಂಡು ಕಡ್ಡಿಯ ಅಡಾಪ್ಟರ್ ಬೇಕು. ಸಲಮಾಂಕಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್-ಜನವರಿಯಲ್ಲಿ ರಾತ್ರಿ ಸೊನ್ನೆಗೆ ಇಳಿಯುತ್ತದೆ. ಬೆಂಗಳೂರಿನ ಸ್ವೆಟರ್ ಸಾಲದು, ಕೋಟು ಬೇಕು. ಮನೆಯೊಳಗೆ ಹಾಕಿಕೊಳ್ಳಲೆಂದೇ ಒಂದು ಜತೆ ಚಪ್ಪಲಿ ಇರಲಿ. ಬರಿಗಾಲಲ್ಲಿ ಓಡಾಡಿದರೆ ‘ಶೀತವಾಗುತ್ತದೆ, ಏನಾದರೂ ಹಾಕಿಕೋ’ ಎಂದು ದಿನವೂ ಹೇಳಿಸಿಕೊಳ್ಳುತ್ತೀರಿ.

7. ತಲುಪುವ ದಿನ

ಮ್ಯಾಡ್ರಿಡ್ ವಿಮಾನ ನಿಲ್ದಾಣದಿಂದಲೇ ಸಲಮಾಂಕಾಕ್ಕೆ ನೇರ ಬಸ್ ಇದೆ. ಸುಮಾರು ಮೂರು ಗಂಟೆ ಹಿಡಿಯುತ್ತದೆ. ರೈಲಾದರೆ ಚಮಾರ್ತೀನ್ ನಿಲ್ದಾಣದಿಂದ. ಬಸ್ ಹತ್ತಿದ ಮೇಲೆ ಮನೆಯವರಿಗೆ ಎಷ್ಟು ಗಂಟೆಗೆ ತಲುಪುತ್ತೀರಿ ಅಂತ ಒಂದು ಮೆಸೇಜ್ ಹಾಕಿ.

ವಿಳಾಸದಲ್ಲಿ ‘3 ಇಥ್ಕಿಯೇರ್ದಾ’ ಅಂತಿದ್ದರೆ ಮೂರನೇ ಮಹಡಿ, ಎಡಗಡೆ ಬಾಗಿಲು. ಬಲಗಡೆಗೆ ‘ದೆರೇಚಾ’. ಕೆಳಗಿನ ಗೇಟಿನ ಬೆಲ್ ಫಲಕದಲ್ಲಿ ಬಹಳ ಕಡೆ ಮನೆಯವರ ಹೆಸರು ಇರುವುದಿಲ್ಲ, ಮಹಡಿ ಮತ್ತು ಬದಿ ಮಾತ್ರ. ಕಟ್ಟಡದ ನಂಬರ್ ಒಂದೇ ಬರೆದುಕೊಂಡು ಹೋದರೆ ಬೀದಿಯಲ್ಲೇ ನಿಲ್ಲಬೇಕಾಗುತ್ತದೆ.

ಬಾಗಿಲು ತೆರೆದವರು ಎರಡು ಕೆನ್ನೆಗೂ ಕೆನ್ನೆ ತಾಗಿಸಿ ಬರಮಾಡಿಕೊಳ್ಳಬಹುದು. ಮುಜುಗರ ಎನಿಸಿದರೆ ಮೊದಲೇ ಕೈ ಮುಂದೆ ಚಾಚಿ, ಯಾರೂ ತಪ್ಪು ತಿಳಿಯುವುದಿಲ್ಲ. ವಯಸ್ಸಾದವರನ್ನು ಹೆಸರಿಡಿದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ ಅಲ್ವಾ? ಆದರೆ ಅಲ್ಲಿ ಅದೇ ರೂಢಿ. ‘ಉಸ್ತೇದ್’ (ನೀವು) ಎಂದು ಶುರುಮಾಡಿ. ಬೇಗನೆ ಅವರೇ ‘ತು’ (ನೀನು) ಅನ್ನು ಎನ್ನುತ್ತಾರೆ. ಆಮೇಲೆ ಉಸ್ತೇದ್ ಹಿಡಿದು ಕೂರಬೇಡಿ, ದೂರ ಇಟ್ಟ ಹಾಗಾಗುತ್ತದೆ.

ಅವತ್ತೇ ಕೇಳಿಕೊಳ್ಳಬೇಕಾದ್ದು: ಊಟದ ಹೊತ್ತು, ಸ್ನಾನದ ಹೊತ್ತು, ವೈಫೈ ಪಾಸ್‌ವರ್ಡ್, ರಾತ್ರಿ ತಡವಾದರೆ ಏನು ಮಾಡಬೇಕು, ಫ್ರಿಜ್‌ನಲ್ಲಿ ನಿಮ್ಮ ಸಾಮಾನಿಗೆ ಯಾವ ಜಾಗ.

8. ಮನೆಯೊಳಗೆ

ಬಾತ್‌ರೂಮಿನಿಂದಲೇ ಶುರುಮಾಡೋಣ, ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಬಚ್ಚಲಿನ ಹಾಗೆ ನೆಲಕ್ಕೆ ನೀರು ಹೋಗುವ ತೂತು ಅಲ್ಲಿ ಇರುವುದಿಲ್ಲ. ನೀರು ಹೋಗಲು ದಾರಿ ಇರುವುದು ಷವರ್ ಅಥವಾ ಟಬ್ಬಿನೊಳಗೆ ಮಾತ್ರ. ಹೊರಗೆ ನೀರು ಚೆಲ್ಲಿದರೆ ಅದು ಕೆಳಗಿನ ಮನೆಯ ಸೀಲಿಂಗ್‌ಗೆ ಇಳಿಯುತ್ತದೆ, ಜಗಳ ಮನೆಯವರ ತಲೆಗೆ ಬರುತ್ತದೆ. ಪರದೆಯನ್ನು ಟಬ್ಬಿನ ಒಳಕ್ಕೆ ಎಳೆದುಕೊಳ್ಳಿ, ಮುಗಿದ ಮೇಲೆ ನೆಲ ಒರೆಸಿ. ಶೌಚಕ್ಕೆ ನೀರು ಬಳಸುವ ಅಭ್ಯಾಸ ಬಿಡಲಾಗದವರು ಸಣ್ಣ ಬಾಟಲಿ ಇಟ್ಟುಕೊಳ್ಳಿ, ಹಳೆಯ ಮನೆಗಳಲ್ಲಿ ‘ಬಿದೇ’ ಎಂಬ ತೊಳೆಯುವ ಬೇಸಿನ್ನೂ ಇರುತ್ತದೆ. ಯಾವುದೇ ಆದರೂ ಸುತ್ತಲಿನ ನೆಲ ಒಣಗಿರಲಿ.

ಬಿಸಿನೀರು ಕೆಲವು ಮನೆಗಳಲ್ಲಿ ಕರೆಂಟಿನ ಗೀಸರ್‌ನಿಂದ, ಕೆಲವು ಕಡೆ ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್‌ನಿಂದ. ಎರಡೂ ದುಬಾರಿ. ನೀವು 20 ನಿಮಿಷ ಷವರ್ ಕೆಳಗೆ ನಿಂತರೆ ನಿಮ್ಮ ಹಿಂದಿನವರಿಗೆ ತಣ್ಣೀರೇ ಗತಿ.

ಕೀ ವಿಷಯದಲ್ಲಿ ಒಂದು ಎಚ್ಚರಿಕೆ. ಒಳಗಿನಿಂದ ಕೀಯನ್ನು ಬೀಗದಲ್ಲೇ ಬಿಟ್ಟರೆ ಬಹಳ ಬಾಗಿಲುಗಳಲ್ಲಿ ಹೊರಗಿನವರು ತಮ್ಮ ಕೀಯಿಂದ ತೆರೆಯಲಾಗುವುದಿಲ್ಲ. ರಾತ್ರಿ ಹಾಗೆ ಬಿಟ್ಟು ಮಲಗಿದರೆ ತಡವಾಗಿ ಬಂದ ಮನೆಯವರೇ ಹೊರಗೆ. ರಾತ್ರಿ ಹೊತ್ತು ಬೀಗದವನನ್ನು ಕರೆಸಿದರೆ ಬಿಲ್ ಜೋರಾಗಿರುತ್ತದೆ.

ಕಿಟಕಿಯ ‘ಪೆರ್ಸಿಯಾನಾ’ ಎಂಬ ಸುರುಳಿ ಬಾಗಿಲನ್ನು ಬೇಸಿಗೆಯಲ್ಲಿ ಹಗಲು ಇಳಿಸಿಡುತ್ತಾರೆ, ಬಿಸಿಲು ತಡೆಯಲು. ನೀವು ಎತ್ತಿ ಬಿಟ್ಟು ಹೋಗಬೇಡಿ. ಮಧ್ಯಾಹ್ನ 2ರಿಂದ 5ರವರೆಗೆ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ, ಮನೆಯಲ್ಲೂ ಸದ್ದು ಕಡಿಮೆ ಇರಲಿ. ಭಾರತದಲ್ಲಿ ಸಂಜೆ 6 ಆದಾಗ ಅಲ್ಲಿ ಮಧ್ಯಾಹ್ನ 1.30, ಬೇಸಿಗೆಯಲ್ಲಾದರೆ 2.30. ಊರಿಗೆ ವಿಡಿಯೊ ಕಾಲ್ ಮಾಡುವ ಹೊತ್ತು ಇದನ್ನು ನೋಡಿ ಗೊತ್ತುಮಾಡಿಕೊಳ್ಳಿ, ಊಟದ ಹೊತ್ತಿಗೆ ಅಡ್ಡ ಬರದ ಹಾಗೆ.

ಅಡುಗೆಮನೆಯನ್ನು ಕೇಳದೆ ಬಳಸಬೇಡಿ. ಒಂದು ಭಾನುವಾರ ‘ನಮ್ಮೂರ ಅಡುಗೆ ಮಾಡಲಾ?’ ಅಂತ ಕೇಳಿ ನೋಡಿ, ಹೆಚ್ಚಿನವರಿಗೆ ಸಂತೋಷವೇ. ಖಾರ ಕಾಲು ಭಾಗಕ್ಕೆ ಇಳಿಸಿ, ಅಲ್ಲಿನವರಿಗೆ ಮೆಣಸಿನಕಾಯಿ ಅಭ್ಯಾಸ ಇಲ್ಲ. ಒಲೆ ಗಾಜಿನ ಹಲಗೆಯದ್ದಾಗಿದ್ದರೆ ಪಾತ್ರೆ ಎಳೆಯಬೇಡಿ, ಗೀರು ಬೀಳುತ್ತದೆ.

9. ಮೇಜಿನ ಮಾತು

ರಾತ್ರಿ ಊಟಕ್ಕೆ ಕೂತ ತಕ್ಷಣ ಬರುವ ಪ್ರಶ್ನೆ: ‘ಕೆ ಆಸ್ ಎಚೋ ಓಯ್?’ ಇವತ್ತು ಏನು ಮಾಡಿದೆ? ಇದು ಬಂದೇ ಬರುತ್ತದೆ ಎಂದು ಗೊತ್ತಿರುವಾಗ ಸುಮ್ನೆ ಹೋಗಿ ಕೂರುವುದೇಕೆ? ಸಂಜೆ ಮನೆಗೆ ನಡೆದು ಬರುವಾಗಲೇ ಮೂರು ವಾಕ್ಯ ಜೋಡಿಸಿಕೊಳ್ಳಿ. ಎಲ್ಲಿಗೆ ಹೋದೆ, ಏನು ನೋಡಿದೆ, ಯಾವುದು ಅರ್ಥವಾಗಲಿಲ್ಲ. ಅವತ್ತು ತರಗತಿಯಲ್ಲಿ ಕಲಿತ ಒಂದು ಕ್ರಿಯಾಪದ ಅದರಲ್ಲಿ ಇರಲಿ. ಮಾರನೇ ದಿನ ಅದೇ ಕಥೆಯನ್ನು ಒಂದು ವಾಕ್ಯ ಉದ್ದ ಮಾಡಿ. ನಾನು ನೋಡಿದ ಮಟ್ಟಿಗೆ ಭಾಷೆ ಬೇಗ ಬಂದವರು ಹೀಗೆ ಸಿದ್ಧವಾಗಿ ಕೂತವರೇ.

ಮೊದಲ ದಿನವೇ ‘ಕೊರೀಹೆಮೆ, ಪೋರ್ ಫಬೋರ್’ (ತಪ್ಪಾದರೆ ತಿದ್ದಿ) ಎಂದು ಹೇಳಿಬಿಡಿ. ಹೇಳದಿದ್ದರೆ ನಿಮ್ಮ ಮನಸ್ಸಿಗೆ ನೋವಾದೀತು ಅಂತ ಯಾರೂ ತಿದ್ದುವುದಿಲ್ಲ.

ನಮ್ಮವರು ಜಾಸ್ತಿ ಎಡವುವ ಜಾಗ: ಅರ್ಥವಾಗದಿದ್ದರೂ ‘ಸಿ, ಸಿ’ (ಹೌದು, ಹೌದು) ಅನ್ನುವುದು. ‘ಇವತ್ತು ಹೊರಗೆ ಊಟ ಮಾಡುತ್ತೀಯಾ?’ ಅಂತ ಕೇಳಿದ್ದಕ್ಕೆ ‘ಸಿ’ ಎಂದರೆ ರಾತ್ರಿ ತಟ್ಟೆ ಇರುವುದಿಲ್ಲ. ತಿಳಿಯದಿದ್ದರೆ ‘ನೋ ಎ ಎಂತೆಂದೀದೋ, ಮಾಸ್ ದೆಸ್ಪಾಥಿಯೋ, ಪೋರ್ ಫಬೋರ್’ ಅನ್ನಿ. ಅರ್ಥವಾಗಲಿಲ್ಲ, ಇನ್ನೂ ನಿಧಾನವಾಗಿ ಅಂತ. ತಲೆ ಅಲ್ಲಾಡಿಸಿ ಉತ್ತರ ಕೊಡಬೇಡಿ. ನಮ್ಮ ತಲೆಯಾಟ ಅವರಿಗೆ ಹೌದಾ ಅಲ್ಲವಾ ತಿಳಿಯುವುದಿಲ್ಲ.

ಅಲ್ಲಿನವರ ಮಾತು ನೇರ, ದನಿಯೂ ದೊಡ್ಡದು. ‘ತಿನ್ನು’, ‘ಕೂತ್ಕೋ’, ‘ನೀರು ಕೊಡು’ ಎಂದು ‘ದಯವಿಟ್ಟು’ ಸೇರಿಸದೆ ಹೇಳುತ್ತಾರೆ. ಅದು ಕೋಪ ಅಲ್ಲ, ಮನೆಯವನಂತೆ ಕಂಡಾಗಲೇ ಹಾಗೆ ಮಾತಾಡುವುದು. ಟಿವಿಯಲ್ಲಿ ಮಧ್ಯಾಹ್ನ 3ಕ್ಕೆ, ರಾತ್ರಿ 9ಕ್ಕೆ ಸುದ್ದಿ ಓಡುತ್ತಿರುತ್ತದೆ. ಅದನ್ನೇ ಮಾತಿಗೆ ನೆಪ ಮಾಡಿಕೊಳ್ಳಿ. ಆದರೆ ಅಂತರ್ಯುದ್ಧ, ಆಮೇಲಿನ ಸರ್ವಾಧಿಕಾರಿ ಫ್ರಾಂಕೋ ಕಾಲದ ಮಾತನ್ನು ನೀವಾಗಿ ಎತ್ತಬೇಡಿ. ಕೆಲವು ಮನೆಗಳಲ್ಲಿ ಅದು ಇನ್ನೂ ಆರದ ಗಾಯ. ಅವರೇ ಹೇಳಿದರೆ ಕೇಳಿಸಿಕೊಳ್ಳಿ.

ತಟ್ಟೆಗೆ ಮತ್ತೆ ಬಡಿಸಲು ಬಂದರೆ ನಮ್ಮ ಹಾಗೆ ಮರ್ಯಾದೆಗೆ ಮೊದಲ ಸಲ ‘ಬೇಡ’ ಅನ್ನಬೇಡಿ. ನಿಜಕ್ಕೂ ಬೇಡ ಅಂತ ತಿಳಿದುಕೊಳ್ಳುವವರೂ ಇದ್ದಾರೆ. ಸಾಕಾದಾಗ ‘ನೋ ಪ್ವೇದೋ ಮಾಸ್, ಗ್ರಾಥಿಯಾಸ್’. ವೈನ್ ಬೇಡದಿದ್ದರೆ ‘ನೋ ಬೇಬೋ’ ಅಷ್ಟು ಸಾಕು, ವಿವರಣೆ ಬೇಡ. ಹೊರಗೆ ಉಣ್ಣುವ ದಿನ ಮಧ್ಯಾಹ್ನದೊಳಗೆ ‘ಓಯ್ ನೋ ಥೇನೋ ಎನ್ ಕಾಸಾ’ (ಇವತ್ತು ರಾತ್ರಿ ಮನೆಯಲ್ಲಿ ಊಟ ಮಾಡುವುದಿಲ್ಲ) ಎಂದು ವಾಟ್ಸಾಪ್ ಮಾಡಿ. ಮಾಡಿಟ್ಟ ಅಡುಗೆ ಹಾಳಾದರೆ ಯಾವ ದೇಶದ ಅಮ್ಮನಿಗೂ ಬೇಜಾರೇ.

10. ಸರಿಹೋಗದಿದ್ದರೆ

ಎರಡು-ಮೂರು ದಿನ ನೋಡಿ. ಊಟ, ಸದ್ದು, ಚಳಿ ಇಂಥವನ್ನು ಮೊದಲು ಮನೆಯವರಿಗೇ ಹೇಳಿ. ಮಾತು ಬರದಿದ್ದರೆ ಶಾಲೆಯಲ್ಲಿ ಬರೆಸಿಕೊಂಡು ಹೋಗಿ ತೋರಿಸಿ. ಆಮೇಲೂ ಬದಲಾಗದಿದ್ದರೆ ವಸತಿ ನೋಡಿಕೊಳ್ಳುವವರಿಗೆ ಇಮೇಲ್ ಬರೆಯಿರಿ: ಏನಾಯಿತು, ಯಾವ ದಿನ, ನಿಮಗೆ ಏನು ಬೇಕು. ಮನೆ ಬದಲಾಯಿಸಿಕೊಡಿ ಎಂದು ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ, ಶಾಲೆಗಳಿಗೆ ಇದು ಹೊಸದಲ್ಲ. ಕೊನೆಯ ವಾರದವರೆಗೆ ಸಹಿಸಿಕೊಂಡು ಆಮೇಲೆ ದೂರಿದರೆ ಮಾತ್ರ ಯಾರಿಂದಲೂ ಏನೂ ಮಾಡಲಾಗುವುದಿಲ್ಲ.

ಆದರೆ ಸುರಕ್ಷತೆಯ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಯಾರಾದರೂ ಮೈಮೇಲೆ ಕೈ ಹಾಕಿದರೆ, ರೂಮಿಗೆ ಹೇಳದೆ ನುಗ್ಗಿದರೆ, ಪಾಸ್‌ಪೋರ್ಟ್ ತಮ್ಮ ಹತ್ತಿರ ಇಟ್ಟುಕೊಳ್ಳುತ್ತೇವೆ ಎಂದರೆ ಆವತ್ತೇ ಹೊರಗೆ ಬನ್ನಿ, ಶಾಲೆಗೆ ಫೋನ್ ಮಾಡಿ. ತುರ್ತಿಗೆ 112. ಹೆಂಗಸರ ಮೇಲಿನ ದೌರ್ಜನ್ಯಕ್ಕೆ 016 ಎಂಬ ಉಚಿತ ಸಹಾಯವಾಣಿ ಇದೆ. ಭಾರತದ ರಾಯಭಾರ ಕಚೇರಿ ಮ್ಯಾಡ್ರಿಡ್‌ನಲ್ಲಿದೆ, ಅದರ ನಂಬರ್ ಹೋಗುವ ಮೊದಲೇ ಫೋನಿಗೆ ಹಾಕಿಕೊಳ್ಳಿ.

11. ಮನೆ ಬಿಡುವಾಗ

ಹಾಸಿಗೆಯ ಹೊದಿಕೆ, ದಿಂಬಿನ ಚೀಲ ತೆಗೆದು ಮಡಚಿಡಿ. ಫಿಯಾಂಥಾ ಕೊಟ್ಟಿದ್ದರೆ ಯಾವಾಗ, ಹೇಗೆ ವಾಪಸ್ ಎಂದು ಒಂದು ವಾರ ಮೊದಲೇ ಶಾಲೆಯಲ್ಲಿ ಕೇಳಿ. ಏನಾದರೂ ಒಡೆದಿದ್ದರೆ ನೀವೇ ಹೇಳಿ. ಸ್ಪ್ಯಾನಿಷ್‌ನಲ್ಲಿ ಕೈಬರಹದ ನಾಲ್ಕು ಸಾಲಿನ ಪತ್ರ ಬರೆದಿಟ್ಟರೆ ಮನೆಯವರು ಅದನ್ನು ಜೋಪಾನ ಮಾಡುತ್ತಾರೆ. ತಿಂಗಳಿಗೊಮ್ಮೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸುತ್ತಿರಿ, ಕಲಿತ ಭಾಷೆಯೂ ಉಳಿಯುತ್ತದೆ. ಶನಿವಾರ ಮುಂಜಾನೆಯ ಬಸ್ಸಾದರೆ ಕೀಯನ್ನು ಎಲ್ಲಿ ಇಟ್ಟು ಹೋಗಬೇಕೆಂದು ಹಿಂದಿನ ರಾತ್ರಿಯ ಊಟಕ್ಕೆ ಕೂತಾಗಲೇ ಕೇಳಿಕೊಳ್ಳಿ.